ಬಚ್ಚಿಟ್ಟ ರೊಟ್ಟಿ

ಮೊದಲಿಗೆ ನಿಮ್ಮಲ್ಲಿ ಒಂದು ಪ್ರಶ್ನೆ. ಕ್ರೈಸ್ತರಲ್ಲದ ನೆರೆಯವರೊಬ್ಬರೊಡನೆ ಅಥವಾ ಸಹೋದ್ಯೋಗಿಯೊಬ್ಬರೊಡನೆ ನಿಮ್ಮ ವಿಶ್ವಾಸದ ಕುರಿತು ನೀವು ಕೊನೆಯ ಬಾರಿಗೆ ಮನಬಿಚ್ಚಿ ಮಾತನಾಡಿದ್ದು ಯಾವಾಗ? ಕ್ರಿಸ್ತಜಯಂತಿಯ ದಿನ ತಿಂಡಿಯ ತಟ್ಟೆಯನ್ನು ಪಕ್ಕದ ಮನೆಗೆ ಕಳುಹಿಸಿದ್ದನ್ನು ನಾನು ಕೇಳುತ್ತಿಲ್ಲ. ಅದನ್ನು ನಾವೆಲ್ಲರೂ ತಪ್ಪದೆ ಮಾಡುತ್ತೇವೆ. ಯೇಸುಸ್ವಾಮಿ ನಿಮಗೆ ಯಾರು, ಅವರಿಂದ ನಿಮ್ಮ ಬಾಳಿಗೆ ದೊರೆತದ್ದೇನು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಹೇಳಿದ್ದು ಯಾವಾಗ?

ಈ ಪ್ರಶ್ನೆಗೆ ಬಹುಕಾಲ ನನ್ನಲ್ಲಿಯೂ ಉತ್ತರವಿರಲಿಲ್ಲ. ಪ್ರತಿವರ್ಷ ಅಕ್ಟೋಬರ್ ತಿಂಗಳಿನ ಕೊನೆಯದಕ್ಕೆ ಹಿಂದಿನ ಭಾನುವಾರ ಬರುವ ಮಿಷನ್ ಭಾನುವಾರವನ್ನು ನಾನು ಬಾಲ್ಯದಿಂದಲೂ ಬಲ್ಲೆ. 1926ರಲ್ಲಿ ಪೋಪ್ ಹನ್ನೊಂದನೇ ಪಯಸ್‌ರವರು ಆರಂಭಿಸಿದ ಆಚರಣೆಯದು. ಆ ದಿನ ಕಾಣಿಕೆಯ ಲಕೋಟೆಗೆ ಹಣ ಹಾಕಿ, ದೂರದ ನಾಡುಗಳಲ್ಲಿ ದುಡಿಯುವ ಗುರುಗಳಿಗಾಗಿ, ಧರ್ಮಭಗಿನಿಯರಿಗಾಗಿ ಪ್ರಾರ್ಥಿಸಿದರೆ ನನ್ನ ಪಾಲಿನ ಕೆಲಸ ಮುಗಿಯಿತೆಂದು ನಂಬಿದ್ದೆ. ಶುಭಸಂದೇಶ ಸಾರುವುದು ಅವರ ಕರೆ. ಮಕ್ಕಳಿಗೆ ಲೆಕ್ಕ ಕಲಿಸುವುದು ನನ್ನ ಕರೆ. ಈ ಎಣಿಕೆಯನ್ನು ಅಲುಗಾಡಿಸಿದ್ದು ಗಾಣಗಾಪುರದ ಒಂದು ಮನೆಯ ಹೊಸ್ತಿಲು.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಸಂಗಮದ ಬಳಿಯ ಆ ಊರು ದತ್ತಾತ್ರೇಯರ ಭಕ್ತರಿಗೆ ಮಹಾಕ್ಷೇತ್ರ. 14-15ನೇ ಶತಮಾನದ ಯತಿ ನರಸಿಂಹ ಸರಸ್ವತಿಯವರು ಅಲ್ಲಿ ಬಹುವರ್ಷ ನೆಲೆಸಿದ್ದರು; ಅವರ ನಿರ್ಗುಣ ಪಾದುಕೆಗಳ ದರ್ಶನಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನರು ಬರುತ್ತಾರೆ. ಸೊಲ್ಲಾಪುರ-ವಾಡಿ ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು, ಬಸ್ಸು ಜೀಪುಗಳನ್ನು ಹಿಡಿದು ಊರು ಸೇರುತ್ತಾರೆ.

2004ರಿಂದ 2009ರವರೆಗೆ ನಾನು ಆ ಭಾಗದ ಒಂದು ಶಾಲೆಯಲ್ಲಿ ಶಿಕ್ಷಕನಾಗಿದ್ದೆ. ನಮ್ಮ ಹಿರಿಯರದು ರಾಯಚೂರು ಜಿಲ್ಲೆಯ ಮುದಗಲ್; ಆದಿಲ್‌ಶಾಹಿ ಅರಸರ ಕಾಲದಿಂದಲೂ ಕಥೋಲಿಕ ಸಮುದಾಯವಿರುವ ಊರು. ಅಲ್ಲಿ ಗುಡಿಯ ಗಂಟೆಯ ಜೊತೆಗೆ ಚರ್ಚಿನ ಗಂಟೆಯನ್ನೂ ಕೇಳಿ ಬೆಳೆದ ನನಗೆ, ಗಾಣಗಾಪುರದಲ್ಲಿ ನಾನೂ ನನ್ನ ಪತ್ನಿಯೂ ಬಿಟ್ಟರೆ ಶಿಲುಬೆಯ ಗುರುತು ಹಾಕಿಕೊಳ್ಳುವ ಮತ್ತೊಂದು ಕೈ ಕಾಣಲಿಲ್ಲ. ಭಾನುವಾರದ ಬಲಿಪೂಜೆಗೆ ಬೆಳಗಿನ ಬಸ್ಸು ಹಿಡಿದು ಕಲಬುರಗಿಗೆ ಹೋಗುತ್ತಿದ್ದೆವು. ಆಗ ಆ ನಗರಕ್ಕೆ ಗುಲ್ಬರ್ಗ ಎಂಬುದೇ ಹೆಸರು. 2005ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಗುಲ್ಬರ್ಗ ಧರ್ಮಪ್ರಾಂತ್ಯ ರಚನೆಯಾದುದು ನಾವು ಅಲ್ಲಿದ್ದಾಗಲೇ.

ನಮಗೆ ಬಾಡಿಗೆಗೆ ಮನೆ ಕೊಟ್ಟ ತಾಯಿಯನ್ನು ಓಣಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಅರವತ್ತರ ಸಮೀಪದ ವಿಧವೆ. ಇಬ್ಬರು ಗಂಡುಮಕ್ಕಳು. ಮುಂದಿನ ಎರಡು ಕೋಣೆ ಅವರದು, ಹಿಂದಿನ ಒಂದೂವರೆ ಕೋಣೆ ನಮ್ಮದು, ನಡುವಿನ ಅಂಗಳ ಇಬ್ಬರದೂ.

ಗಾಣಗಾಪುರದಲ್ಲಿ ಮಧುಕರಿ ಎಂಬ ಪದ್ಧತಿಯುಂಟು. ಮಧುಕರ ಎಂದರೆ ದುಂಬಿ. ದುಂಬಿ ಹೂವಿನಿಂದ ಹೂವಿಗೆ ಹೋಗಿ, ಯಾವ ಹೂವಿಗೂ ನೋವಾಗದಂತೆ ತುಸು ತುಸು ಮಧುವನ್ನು ಸಂಗ್ರಹಿಸುವ ಹಾಗೆ, ಭಕ್ತರು ಮಧ್ಯಾಹ್ನದ ಹೊತ್ತು ಕನಿಷ್ಠ ಐದು ಮನೆಗಳಲ್ಲಿ ಭಿಕ್ಷೆ ಬೇಡುತ್ತಾರೆ. ದತ್ತಾತ್ರೇಯರು ಈಗಲೂ ದಿನವೂ ಮಧ್ಯಾಹ್ನ ಯಾವುದೋ ರೂಪದಲ್ಲಿ ಈ ಊರಿಗೆ ಭಿಕ್ಷೆಗೆ ಬರುತ್ತಾರೆಂಬುದು ಅವರ ನಂಬಿಕೆ. ಆದುದರಿಂದ ಬೇಡುವವರನ್ನು ಯಾರೂ ಬರಿಗೈಯಲ್ಲಿ ಕಳುಹಿಸುವುದಿಲ್ಲ. ಕಾರಿನಲ್ಲಿ ಬಂದಿಳಿದ ಸಿರಿವಂತರು ಜೋಳಿಗೆ ಹಿಡಿದು ಬಾಗಿಲಲ್ಲಿ ನಿಂತುದನ್ನು ನಾನು ಕಂಡಿದ್ದೇನೆ. ದೊಡ್ಡವ್ವ ಮುಂಜಾನೆಯೇ ಜೋಳದ ರೊಟ್ಟಿ ಬಡಿದು, ಬಿದಿರಿನ ಬುಟ್ಟಿಯಲ್ಲಿ ಪೇರಿಸಿ, ಹೊಸ್ತಿಲ ಬಳಿ ಇಟ್ಟುಕೊಂಡು ಕೂರುತ್ತಿದ್ದಳು. ಬಂದವರ ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ರೊಟ್ಟಿ ಜೋಳಿಗೆಗೆ ಬಿದ್ದ ಮೇಲೆ ಅವರದನ್ನು ಉಂಡರೋ ಬಿಟ್ಟರೋ ಎಂದು ಹಿಂದೆ ಹೋಗಿ ನೋಡುತ್ತಲೂ ಇರಲಿಲ್ಲ.

2007ರ ಮಳೆಗಾಲದಲ್ಲಿ ಆ ಮನೆಗೆ ಸಿಡಿಲೆರಗಿತು. ನಿಲ್ದಾಣದಿಂದ ಯಾತ್ರಿಕರನ್ನು ಜೀಪಿನಲ್ಲಿ ಕರೆತರುತ್ತಿದ್ದ ದೊಡ್ಡವ್ವನ ಕಿರಿಯ ಮಗ ಒಂದು ರಾತ್ರಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಹಿಂದಿನ ವರ್ಷವಷ್ಟೇ ಅವನ ಮದುವೆಯಾಗಿತ್ತು. ದಿನಕರ್ಮಗಳು ಮುಗಿದವು, ನೆಂಟರು ಹೊರಟುಹೋದರು. ದೊಡ್ಡವ್ವನ ಬಾಗಿಲು ಮಾತ್ರ ಮಧ್ಯಾಹ್ನದ ಹೊತ್ತು ತೆರೆಯಲಿಲ್ಲ. ಹೊರಗೆ ಭಿಕ್ಷೆಯ ಕೂಗು ಕೇಳುತ್ತಿತ್ತು. ಸ್ವಲ್ಪ ಹೊತ್ತು ನಿಂತು, ಅದು ಮುಂದಿನ ಮನೆಗೆ ಸಾಗುತ್ತಿತ್ತು. ಬುಟ್ಟಿ ಗೋಡೆಗೆ ಬೋರಲಾಗಿ ನಿಂತಿತ್ತು.

ಒಂದು ಸಂಜೆ ಅಂಗಳದಲ್ಲಿ ಕುಳಿತಿದ್ದ ನನ್ನನ್ನು ಆಕೆ ಕೇಳಿದಳು: “ಮಾಸ್ತರ್, ನೀವು ಗಂಡ ಹೆಂಡತಿ ದಿನಾ ಸಂಜೀಕ ಆ ದೊಡ್ಡ ಪುಸ್ತಕ ತೆಗೆದು ಓದತೀರಿ. ಮಗನ ಕಳಕೊಂಡವರಿಗೆ ಅದರಾಗ ಏನರ ಬರದಾರೇನು?”

ಓದುಗರೇ, ಇಂಥ ಪ್ರಶ್ನೆಯನ್ನು ಯಾರಾದರೂ ನಮಗೆ ಕೇಳಬೇಕೆಂದು ಎಷ್ಟು ಜನ ಗುರುಗಳು ಜೀವಮಾನವಿಡೀ ಕಾದಿರಬಹುದು! ನನಗೆ ಅದು ಕೇಳದೆಯೇ ಬಂದಿತ್ತು. ನಾನು ಹೇಳಿದ್ದಿಷ್ಟೇ: “ಎಲ್ಲಾ ದೇವರೂ ಒಂದೇ ದೊಡ್ಡವ್ವ. ಧೈರ್ಯ ತಗೋರಿ.” ಆಕೆ ತಲೆಯಾಡಿಸಿ ಒಳಗೆ ಹೋದಳು.

ಆ ರಾತ್ರಿ ನನ್ನ ಉತ್ತರವನ್ನು ನಾನೇ ಮೆಚ್ಚಿಕೊಂಡೆ. ಪರಧರ್ಮದ ಮನೆಯಲ್ಲಿ ಸಭ್ಯನಾಗಿ ನಡೆದುಕೊಂಡೆ, ದುಃಖದಲ್ಲಿರುವವರ ದೌರ್ಬಲ್ಯವನ್ನು ಬಳಸಿಕೊಳ್ಳಲಿಲ್ಲ ಎಂದುಕೊಂಡೆ. ಬೆಳಕು ಆರಿಸಿದ ಮೇಲೆ ನನ್ನ ಪತ್ನಿ ಮೆಲ್ಲನೆ ಕೇಳಿದಳು: “ನಮ್ಮ ಕೂಸು ಹೋದಾಗ ಹಿಂಗೇ ಯಾರರ ಹೇಳಿದ್ರ ನಾವು ಬದುಕ್ತಿದ್ವೇನು?”

ನಮ್ಮ ಮೊದಲ ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಜ್ವರದಿಂದ ತೀರಿಕೊಂಡಿದ್ದಳು. ಬಂದವರೆಲ್ಲ ದೇವರ ಚಿತ್ತ ಎಂದರು. ನಮ್ಮೂರಿನ ವೃದ್ಧ ಉಪದೇಶಿಯೊಬ್ಬರು ಮಾತ್ರ ಏನನ್ನೂ ವಿವರಿಸಲಿಲ್ಲ. ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯವನ್ನು ತೆರೆದು ನಿಧಾನವಾಗಿ ಓದಿದರು. ಸ್ನೇಹಿತ ಲಾಸರನನ್ನು ಸಮಾಧಿ ಮಾಡಿ ನಾಲ್ಕು ದಿನಗಳಾದ ಮೇಲೆ ಯೇಸುಸ್ವಾಮಿ ಬರುತ್ತಾರೆ. ನೀವು ಇಲ್ಲಿದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ ಎಂದು ಮಾರ್ತಳೂ ಮರಿಯಳೂ ದೂರುತ್ತಾರೆ. ಸ್ವಾಮಿ ಅವರನ್ನು ಗದರಿಸುವುದಿಲ್ಲ, ಅವರೊಡನೆ ಕಣ್ಣೀರಿಡುತ್ತಾರೆ. ಅಲ್ಲಿಗೆ ಬಂದಾಗ ಉಪದೇಶಿಯವರ ಕಂಠ ಬಿಗಿದು ಓದು ನಿಂತಿತು. ನಮ್ಮ ಬದುಕಿಗೆ ಮತ್ತೆ ಉಸಿರು ಬಂದದ್ದು ಆ ಮೌನದಿಂದ. ನನ್ನಲ್ಲಿ ಆ ರೊಟ್ಟಿ ಇತ್ತು. ಹಸಿದವಳು ಬಾಗಿಲಿಗೆ ಬಂದು ಕೇಳಿದ್ದಳು. ನಾನು ಇಲ್ಲವೆಂದು ಕಳುಹಿಸಿದ್ದೆ, ಅದೂ ಬರಿಗೈಯಲ್ಲಿ ಯಾರನ್ನೂ ಕಳುಹಿಸದ ಊರಿನಲ್ಲಿ.

ಹಾಗೆ ಮಾಡಿದ್ದೇಕೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಗೌರವದ ಹೆಸರಿನಲ್ಲಿ ಅಡಗಿದ್ದುದು ಭಯ. ಬಾಡಿಗೆ ಮನೆ ಕೈತಪ್ಪಬಹುದು, ಮತಾಂತರ ಮಾಡಲು ಬಂದವನೆಂಬ ಮಾತು ಶಾಲೆಯವರೆಗೆ ಹೋಗಬಹುದು ಎಂಬ ಭಯ. ಇಂಥ ಭಯ ನನ್ನೊಬ್ಬನದಲ್ಲ. ಮರುವರ್ಷ, ಅಂದರೆ 2008ರ ಸೆಪ್ಟೆಂಬರಿನಲ್ಲಿ, ಮಂಗಳೂರು ಮತ್ತಿತರ ಕಡೆಗಳಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ, 2022ರಲ್ಲಿ ರಾಜ್ಯದಲ್ಲಿ ಮತಾಂತರ ಕುರಿತ ಕಾನೂನು ಬಂದಾಗ ನಮ್ಮ ಅನೇಕ ಕುಟುಂಬಗಳು ದನಿ ತಗ್ಗಿಸಿದ್ದನ್ನು ಕಂಡಿದ್ದೇನೆ. ಆ ಕಾನೂನನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿದಾಗಲೂ ತಗ್ಗಿದ ದನಿ ಏರಲಿಲ್ಲ.

ಆ ವಾರ ನಿದ್ದೆಯಿಲ್ಲದೆ ಶ್ರೀಗ್ರಂಥದ ಪುಟಗಳನ್ನು ತಿರುವುತ್ತಿದ್ದೆ. ನನಗೆ ಬೇಕಾಗಿದ್ದುದು ಆಜ್ಞೆಯಲ್ಲ. ಲೋಕದ ಎಲ್ಲೆಡೆಗೂ ಹೋಗಿ ಎಂಬ ಪುನರುತ್ಥಾನಿ ಸ್ವಾಮಿಯ ಆಜ್ಞೆ ನನಗೆ ಬಾಯಿಪಾಠವಾಗಿತ್ತು. ಸಾರದಿದ್ದರೆ ನನಗೆ ಧಿಕ್ಕಾರವಿರಲಿ ಎಂಬರ್ಥದಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದದ್ದೂ, ದೇವರ ಮಾತು ಎಲುಬುಗಳೊಳಗೆ ಬೆಂಕಿಯಾಯಿತೆಂದು ಪ್ರವಾದಿ ಯೆರೆಮೀಯ ಹಲುಬಿದ್ದೂ ಗೊತ್ತಿತ್ತು. ಅವರು ಮಹಾತ್ಮರು. ನನ್ನಂಥ ಪುಕ್ಕಲನಿಗೆ ನನ್ನಂಥವರೇ ಯಾರಾದರೂ ಬೇಕಾಗಿತ್ತು. ಅವರು ದೊರೆತದ್ದು ಹಳೆಯ ಒಡಂಬಡಿಕೆಯ ಅರಸುಗಳ ಎರಡನೆಯ ಗ್ರಂಥದ 7ನೇ ಅಧ್ಯಾಯದಲ್ಲಿ.

ಸಮಾರಿಯ ನಗರಕ್ಕೆ ಶತ್ರುಸೈನ್ಯ ಮುತ್ತಿಗೆ ಹಾಕಿದೆ. ಕತ್ತೆಯ ತಲೆಯೊಂದು ಎಂಬತ್ತು ಬೆಳ್ಳಿ ನಾಣ್ಯಗಳಿಗೆ ಮಾರಾಟವಾಗುವಷ್ಟು ಘೋರ ಕ್ಷಾಮ. ನಗರದ ಹೆಬ್ಬಾಗಿಲ ಹೊರಗೆ ನಾಲ್ವರು ಕುಷ್ಠರೋಗಿಗಳು. ಒಳಗೆ ಹೋದರೂ ಸಾವು, ಇಲ್ಲಿ ಕುಳಿತರೂ ಸಾವು ಎಂದು ಲೆಕ್ಕಹಾಕಿ ಸಂಜೆಗತ್ತಲಿನಲ್ಲಿ ಶತ್ರುಪಾಳೆಯಕ್ಕೇ ಹೋಗುತ್ತಾರೆ. ಪಾಳೆಯ ಬರಿದಾಗಿದೆ! ದೇವರು ಕೇಳಿಸಿದ ಮಹಾಸೈನ್ಯದ ಸದ್ದಿಗೆ ಬೆದರಿ ಎಲ್ಲರೂ ಓಡಿಹೋಗಿದ್ದಾರೆ. ನಾಲ್ವರೂ ಒಂದು ಡೇರೆಗೆ ನುಗ್ಗಿ ಹೊಟ್ಟೆತುಂಬ ಉಣ್ಣುತ್ತಾರೆ. ಬೆಳ್ಳಿ ಬಂಗಾರ ಬಟ್ಟೆಗಳನ್ನು ಹೊತ್ತೊಯ್ದು ಬಚ್ಚಿಡುತ್ತಾರೆ. ಮತ್ತೊಂದು ಡೇರೆಯಲ್ಲೂ ಹಾಗೆಯೇ. ಆಮೇಲೆ ಕೈ ತಡೆಯುತ್ತದೆ. ನಾವು ಮಾಡುತ್ತಿರುವುದು ಸರಿಯಲ್ಲ, ಇದು ಶುಭಸುದ್ದಿಯ ದಿನ, ನಾವಾದರೋ ಸುಮ್ಮನಿದ್ದೇವೆ ಎಂದು ತಮ್ಮತಮ್ಮಲ್ಲೇ ಆಡಿಕೊಂಡು, ನಗರದ ಬಾಗಿಲಿಗೆ ಹಿಂದಿರುಗಿ ಕಾವಲುಗಾರರನ್ನು ಕೂಗುತ್ತಾರೆ.

ಈ ನಾಲ್ವರನ್ನು ಯಾವ ಪ್ರವಾದಿಯೂ ಕಳುಹಿಸಲಿಲ್ಲ. ಅವರು ವಿದ್ವಾಂಸರಲ್ಲ, ಪುಣ್ಯವಂತರೂ ಅಲ್ಲ, ಮೊದಲು ಬಚ್ಚಿಟ್ಟವರೇ. ಅವರ ಬಳಿ ಇದ್ದ ಅರ್ಹತೆ ಒಂದೇ: ಹಸಿದಿದ್ದರು, ಉಂಡರು, ಎಲ್ಲಿ ಉಂಡೆವೆಂಬುದು ಅವರಿಗೆ ಗೊತ್ತಿತ್ತು. ಸುಮ್ಮನಿರಲಾರದಂತೆ ಅವರನ್ನು ದೂಡಿದ್ದು ಗೋಡೆಯ ಆಚೆ ಹಸಿದವರ ನೆನಪು. ಅವರನ್ನು ಹೊರಗಿಟ್ಟಿದ್ದ ಜನರೇ ಆ ಹಸಿದವರು! ಆದರೂ ಹೋಗಿ ಹೇಳಿದರು.

ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ಅವರು ಯಾರನ್ನೂ ಕೈಹಿಡಿದು ಎಳೆದೊಯ್ಯಲಿಲ್ಲ. ಅರಸನು ಅವರ ಮಾತನ್ನು ನಂಬದೆ ಇದೊಂದು ಸಂಚೆಂದು ಶಂಕಿಸಿದ. ಕುದುರೆ ಸವಾರರನ್ನು ಕಳುಹಿಸಿ ತಾನೇ ವಿಚಾರಿಸಿದ. ಹೇಳುವುದಷ್ಟೇ ಅವರ ಪಾಲಿನ ಕೆಲಸವಾಗಿತ್ತು. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯ ಪ್ರೇಷಿತ ಕಾರ್ಯದ ಕುರಿತು ಹೊರಡಿಸಿದ ಶಾಸನವೂ ವಿಶ್ವಾಸವನ್ನು ಸ್ವೀಕರಿಸುವಂತೆ ಯಾರನ್ನೂ ಬಲವಂತಪಡಿಸಬಾರದು, ಆಮಿಷ ಒಡ್ಡಬಾರದು ಎಂದು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಮತ್ತೊಬ್ಬರನ್ನು ಮತಾಂತರಗೊಳಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆ ತೀರ್ಪಿನ ಬಗ್ಗೆ ವಾದಗಳೇನೇ ಇರಲಿ, ಹೃದಯವನ್ನು ತಿರುಗಿಸುವುದು ನಮ್ಮ ಕೆಲಸವಲ್ಲವೆಂಬುದನ್ನು ಶುಭಸಂದೇಶ ಮೊದಲೇ ಕಲಿಸಿದೆ. ಅದು ಪವಿತ್ರಾತ್ಮರ ಕೆಲಸ. ನಮ್ಮದು ರೊಟ್ಟಿಯನ್ನು ಬಚ್ಚಿಡದಿರುವ ಕೆಲಸ. ನಮ್ಮಲ್ಲಿರುವ ನಿರೀಕ್ಷೆಗೆ ಕಾರಣವನ್ನು ಕೇಳಿದವರಿಗೆ ಉತ್ತರಿಸಲು ಸದಾ ಸಿದ್ಧರಾಗಿರಬೇಕು, ಅದೂ ವಿನಯದಿಂದ ಮತ್ತು ಗೌರವದಿಂದ ಎಂದು ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ಬೋಧಿಸುವಾಗ, ಅವರು ಗೌರವವನ್ನು ಉತ್ತರದ ಜೊತೆಗೆ ಇಟ್ಟಿದ್ದಾರೆ. ಉತ್ತರದ ಬದಲಿಗೆ ಇಟ್ಟಿಲ್ಲ. ನಾನು ಆ ಎರಡನ್ನೂ ಬೇರ್ಪಡಿಸಿಬಿಟ್ಟಿದ್ದೆ.

ಮುಂದಿನ ಭಾನುವಾರ ಕಲಬುರಗಿಯಿಂದ ಹಿಂದಿರುಗಿದ ಮೇಲೆ ನಾವಿಬ್ಬರೂ ದೊಡ್ಡವ್ವನ ಬಳಿ ಹೋಗಿ ಕುಳಿತೆವು. “ದೊಡ್ಡವ್ವ, ಅವತ್ತು ನೀವು ಕೇಳಿದ್ದಕ್ಕ ನಾನು ಸರಿಯಾಗಿ ಹೇಳಲಿಲ್ಲ. ಈಗ ಹೇಳಲೇನು?” ಎಂದೆ. ಆಕೆ ಹೂಂ ಎಂದಳು. ನಮ್ಮ ಕೂಸಿನ ವಿಷಯವನ್ನು ಮೊದಲು ಹೇಳಿದೆ. ಮೂರು ವರ್ಷ ಒಂದೇ ಅಂಗಳದಲ್ಲಿದ್ದರೂ ಆಕೆಗೆ ಅದು ತಿಳಿದಿರಲಿಲ್ಲ. ನನ್ನ ಪತ್ನಿಯ ಕೈಯನ್ನು ಹಿಡಿದುಕೊಂಡಳು. ಆಮೇಲೆ ಲಾಸರನ ಮನೆಯ ಕತೆಯನ್ನು, ಉಪದೇಶಿಯವರು ಓದಿದಂತೆಯೇ, ಏನನ್ನೂ ಕೂಡಿಸದೆ ಹೇಳಿದೆ. ಕಣ್ಣೀರಿನ ಭಾಗ ಬಂದಾಗ ಆಕೆ ಕೇಳಿದಳು: “ಖರೇನಾ? ದೇವರೇ ಅತ್ತನಾ?”

“ಖರೇ ದೊಡ್ಡವ್ವ.”

ಬಹಳ ಹೊತ್ತಿನ ಮೇಲೆ ಮತ್ತೊಂದು ಪ್ರಶ್ನೆ ಬಂತು: “ಆ ಮನಿಶ್ಯಾ ಎದ್ದು ಬಂದ. ನನ್ನ ಮಗ ಬರಲಿಲ್ಲ. ನಿಮ್ಮ ಕೂಸೂ ಬರಲಿಲ್ಲಲ್ಲ ಮಾಸ್ತರ್?”

ನನ್ನ ನಾಲಗೆ ಒಣಗಿತು. ನಮ್ಮ ವಿಶ್ವಾಸದ ಹೃದಯಕ್ಕೇ ಆಕೆ ಕೈಯಿಟ್ಟಿದ್ದಳು. “ಇಲ್ಲ ದೊಡ್ಡವ್ವ, ಬರಲಿಲ್ಲ. ಆದ್ರ ಅವತ್ತು ಅತ್ತ ಆ ಸ್ವಾಮಿ ತಾವೂ ಸತ್ತು, ಸಮಾಧಿಯೊಳಗ ಹೋಗಿ, ಎದ್ದು ಬಂದಾರಂತ ನಾವು ನಂಬೀವಿ. ಅದಕ್ಕ ನಮ್ಮ ಕೂಸು ಅವರ ಕೈಯಾಗ ಅದ, ಒಂದಿನ ಏಳ್ತದಂತ ನಂಬೀವಿ. ಆ ನಂಬಿಗೀ ಮ್ಯಾಲೆ ಬದುಕೀವಿ,” ಎಂದೆ. ನನ್ನ ಜೀವನದಲ್ಲಿ ಆ ಮಾತುಗಳನ್ನು ಪ್ರಾರ್ಥನಾಲಯದ ಹೊರಗೆ ಹೇಳಿದ್ದು ಅದೇ ಮೊದಲು. ಪ್ರತಿ ಭಾನುವಾರ ವಿಶ್ವಾಸ ಸಂಗ್ರಹದಲ್ಲಿ ನುಡಿದಿದ್ದ ಅದೇ ಸಂಗತಿ ಅಂದು ನನಗೇ ಹೊಸದಾಗಿ ಕೇಳಿಸಿತು.

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: “ಇದನ್ನ ಅವತ್ತೇ ಯಾಕ ಹೇಳಲಿಲ್ರೀ ಮಾಸ್ತರ್? ಇಷ್ಟು ದಿನ ಬಚ್ಚಿಟ್ಟಿದ್ರಿ?”

ಓದುಗರೇ, ಆಕೆ ಅರಸುಗಳ ಗ್ರಂಥವನ್ನು ಓದಿದವಳಲ್ಲ. ಆದರೂ ಸಮಾರಿಯದ ಆ ನಾಲ್ವರ ಕೈ ತಡೆದ ಮಾತನ್ನೇ ನನಗೆ ಹೇಳಿದಳು.

ಮುಂದೇನಾಯಿತೆಂದು ನೀವು ಕೇಳಬಹುದು. ದೊಡ್ಡವ್ವ ತನ್ನ ಧರ್ಮವನ್ನು ಬಿಡಲಿಲ್ಲ. ನಾನೂ ಬಿಡೆಂದು ಹೇಳಲಿಲ್ಲ. ದತ್ತರ ಪಟಕ್ಕೆ ದೀಪ ಹಚ್ಚುವುದನ್ನು ಆಕೆ ನಿಲ್ಲಿಸಲಿಲ್ಲ. ಕೆಲವು ಸಂಜೆ ನಮ್ಮ ಬಾಗಿಲಿಗೆ ಬಂದು ಕುಳಿತು, ಓದುವುದನ್ನು ಗಟ್ಟಿಯಾಗಿ ಓದಿರಿ ಎನ್ನುತ್ತಿದ್ದಳು. ಬಾಡಿಗೆ ಮನೆ ಕೈತಪ್ಪಲಿಲ್ಲ. ಶಾಲೆಗೆ ಯಾವ ದೂರೂ ಹೋಗಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮುಂಬಾಗಿಲ ಅಗುಳಿ ಸರಿದ ಸದ್ದಾಯಿತು. ಬುಟ್ಟಿ ಹೊಸ್ತಿಲಿಗೆ ಬಂದಿತ್ತು. ಇದು ನನ್ನ ಮಾತಿನ ಫಲವೆಂದು ನಾನು ಹೇಳುವುದಿಲ್ಲ. ಕಾಲ, ಮಗನ ಹೆಂಡತಿಯ ಮಡಿಲು ತುಂಬಿದ ಕೂಸು, ಆಕೆಯದೇ ದೊಡ್ಡ ಮನಸ್ಸು, ಎಲ್ಲವೂ ಸೇರಿರಬಹುದು. ನಾನು ಅಂದು ಆಕೆಯ ಕೈಯನ್ನು ನೋಡುತ್ತ ನಿಂತೆ. ಕೊಡುವುದೆಂದರೆ ಹೀಗೆ ಕೊಡಬೇಕು: ಬಂದವರನ್ನು ಅಳೆಯದೆ, ಕೊಟ್ಟದ್ದನ್ನು ಹಿಂಬಾಲಿಸದೆ, ಇದ್ದುದನ್ನು ಅಡಗಿಸದೆ.

ಸ್ವೀಕರಿಸುವ ಪಾಠವನ್ನೂ ಅದೇ ಹೊಸ್ತಿಲು ಕಲಿಸಿತು. ಎಪ್ಪತ್ತೆರಡು ಮಂದಿ ಶಿಷ್ಯರನ್ನು ಕಳುಹಿಸುವಾಗ ಯೇಸುಸ್ವಾಮಿ ಚೀಲ ಜೋಳಿಗೆಗಳನ್ನು ಒಯ್ಯಬೇಡಿ, ಬಡಿಸಿದ್ದನ್ನು ಉಣ್ಣಿರಿ ಎಂದು ಅಪ್ಪಣೆ ಮಾಡಿದರೆಂದು ಸಂತ ಲೂಕರು ಬರೆದಿದ್ದಾರೆ. ಸಮಾರಿಯದ ಮಹಿಳೆಗೆ ಜೀವಜಲವನ್ನು ಕೊಡುವ ಮೊದಲು ಸ್ವಾಮಿ ಆಕೆಯ ಬಳಿ ಕುಡಿಯಲು ನೀರು ಬೇಡಿದರು. ಕೊಡುವವರಾಗಿಯೇ ಹೋದರೆ ನಮ್ಮ ಮಾತಿನಲ್ಲಿ ಗರ್ವ ನುಸುಳುತ್ತದೆ. ದೊಡ್ಡವ್ವನ ಮನೆಯ ಪುಂಡಿಪಲ್ಯ, ಶೇಂಗಾ ಹಿಂಡಿಗಳನ್ನು ಮೂರು ವರ್ಷ ಉಂಡವನಾದ್ದರಿಂದಲೇ ನನ್ನ ಮಾತಿಗೆ ಆಕೆಯ ಅಂಗಳದಲ್ಲಿ ಜಾಗವಿತ್ತು.

2009ರಲ್ಲಿ ನನಗೆ ವರ್ಗವಾಯಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ ತಾಲ್ಲೂಕಿನ ಹಳ್ಳಿಗಳು ಜಲಾವೃತವಾದ ಸುದ್ದಿ ಕೇಳಿ ಆ ಮನೆಗೆ ಫೋನು ಮಾಡಿದೆ. ಎಲ್ಲರೂ ಸುರಕ್ಷಿತರಾಗಿದ್ದರು, ದೊಡ್ಡವ್ವ ಮಾತ್ರ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ತಂದೆಯನ್ನು ಕಾಣದೆ ಹುಟ್ಟಿದ ಮೊಮ್ಮಗ ಫೋನು ತೆಗೆದುಕೊಂಡ. ಅವನಿಗಾಗ ಹದಿಮೂರರ ಹರೆಯ. “ಮಾಸ್ತರ್, ಅಜ್ಜಿ ಹೇಳತಿದ್ಲು, ದೇವರು ಅತ್ತಿದ್ದ ಕಥಿ ನಿಮಗ ಪೂರಾ ಗೊತ್ತದಂತ. ನನಗ ಒಮ್ಮಿ ಹೇಳ್ರಿ,” ಎಂದ.

ಈ ಬಾರಿ ನಾನು ತಡಮಾಡಲಿಲ್ಲ.

ಪ್ರಿಯ ಓದುಗರೇ, ನೀವು ನಿಮ್ಮ ಬದುಕಿನ ಯಾವ ಕ್ಷಾಮದಲ್ಲಿ ಯಾವ ವಾಕ್ಯವನ್ನು ಉಂಡು ಉಳಿದಿರಿ? ಇಂದು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಅದನ್ನು ನಿಮ್ಮ ಮಕ್ಕಳಿಗೆ ಹೇಳಿರಿ, ಏಕೆಂದರೆ ನಮ್ಮ ಮಕ್ಕಳಿಂದಲೂ ನಾವು ಅದನ್ನು ಬಚ್ಚಿಟ್ಟಿದ್ದೇವೆ. ಆಮೇಲೆ, ನಿಮ್ಮ ನೆರೆಯವರು ಕೇಳುವ ದಿನ ಬಂದಾಗ, ಸಭ್ಯತೆಯ ಹೆಸರಿನಲ್ಲಿ ಅವರನ್ನು ಬರಿಗೈಯಲ್ಲಿ ಕಳುಹಿಸಬೇಡಿರಿ. ನಾವು ಅರಮನೆಯ ದೂತರಲ್ಲ. ಹೆಬ್ಬಾಗಿಲ ಹೊರಗೆ ಹಸಿದು ಕುಳಿತಿದ್ದವರು, ಉಣ್ಣಲು ಸಿಕ್ಕಿತು. ಸಿಕ್ಕ ಜಾಗವನ್ನು ಹೇಳಲು ಅಷ್ಟೇ ಸಾಕು.